ತಾಮ್ರದ ತಂತಿ ಕೇಳಿಸಿಕೊಂಡದ್ದು

ಅಂದು ಬೆಳಿಗ್ಗೆ ಫೋನು ಬರಲಿಲ್ಲ. ಚಹಾ ಕುಡಿದು ಲೋಟ ತೊಳೆದಿಟ್ಟೆ, ಅಂಗಿ ತೊಟ್ಟುಕೊಂಡೆ, ಮತ್ತೆ ಫೋನು ನೋಡಿದೆ. ನೀವೇ ಹಚ್ಚಿ ನೋಡಬಾರದೇ ಎಂದು ಹೆಂಡತಿ ಕೇಳಿದಳು. ನಾನು ಹಚ್ಚಲಿಲ್ಲ. ಅಕ್ಕೋರು ಹಾಕಿಕೊಟ್ಟ ಕಟ್ಟಳೆಯೇ ಹಾಗಿತ್ತು. ಅವರು ಕೇಳಬೇಕು, ನಾನು ಹೇಳಬೇಕು. ಕೇಳುವುದು ನಿಂತರೆ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಹೊರಡಬೇಕು. ಮಕ್ತಲ್ ನಿಲ್ದಾಣದಲ್ಲಿ ನಾರಾಯಣಪೇಟೆಯ ಬಸ್ಸು ಹತ್ತುವಾಗಲೇ ನನಗೆ ಎಲ್ಲ ಗೊತ್ತಾಗಿತ್ತು. ಅವರ ಓಣಿಯ ಬಾಯಲ್ಲಿ ಇಳಿದಾಗ ಮನೆ ಮುಂದೆ ಸಾವಿಗೆ ಬಂದವರು ಕೂಡಲು ಬೆಂಚು ಹಾಕಿದ್ದರು.

ಆ ಫೋನು ಎಂಥದು ಅಂತ ಮೊದಲೇ ಹೇಳಿಬಿಡುತ್ತೇನೆ. ದಿನಾ ಬೆಳಿಗ್ಗೆ ಬರುತ್ತಿತ್ತು. "ಅದೀಯೇನೋ?" ಅನ್ನುವರು. "ಅದೀನ್ರಿ ಅಕ್ಕೋರ" ಅನ್ನುವೆ. ಅಷ್ಟಕ್ಕೆ ಮುಗಿಯಿತು, ಇಟ್ಟುಬಿಡುವರು. ಒಮ್ಮೆ ನಾನು, ನನಗೆ ಜ್ವರ ಬಂದಿದೆ, ಇವತ್ತಾದರೂ ಒಂದು ಮಾತು ಹೆಚ್ಚಿಗೆ ಆಡಿ ಎಂದು ರೇಗಿದ್ದೆ. ಜ್ವರವಿದ್ದರೂ ಇದ್ದೀಯಲ್ಲ ಎಂದು ಇಟ್ಟೇಬಿಟ್ಟರು. ಸಂಜೆಗೆ ನಾರಾಯಣಪೇಟೆಯಿಂದ ಬರುವ ಯಾರದೋ ಕೈಯಲ್ಲಿ ಮಾತ್ರೆ, ಬ್ರೆಡ್ಡು ಕಳಿಸಿದ್ದರು. ಅವರದು ಅಂಥ ಸ್ವಭಾವ.

ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಗಳನ್ನು ಅಕ್ಕೋರು ಅನ್ನುತ್ತೇವೆ. ಇವರು ರಾಯಚೂರಿನಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಹೇಳುತ್ತಿದ್ದವರು. ಪಾಠ ಸಾಕಾಗಿ, ನೌಕರಿ ಬಿಟ್ಟು, ನಾರಾಯಣಪೇಟೆಯ ತಾಯಿ ಮನೆಗೆ ಬಂದು, ಮಕ್ತಲಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಖೋಲಿ ಹಿಡಿದರು. ರಾಯಚೂರಿನಿಂದ ಗಡಿ ದಾಟಿದರೆ ಅತ್ತ ನಾರಾಯಣಪೇಟೆ, ಇತ್ತ ಗದ್ವಾಲ್, ನಡುವೆ ಮಕ್ತಲ್. ಎರಡೂ ಕಡೆಯ ಗಿರಣಿಗಳಿಗೆ ಬೇಕಾಗುವ ಕಂಟ್ರೋಲ್ ಬೋರ್ಡು ಮಾಡುವುದು ಅವರ ಉದ್ಯೋಗ. ಪಕ್ಕದ ಖೋಲಿಯಲ್ಲಿ ನನ್ನ ಮೋಟಾರು, ಪ್ಯಾನೆಲ್ಲುಗಳ ಅಂಗಡಿ. ಹೀಗೆ ನಾವು ಜೋಡಿಯಾದೆವು. ಮೋಟಾರಿಗೆ ಹೋಗುವ ಶಕ್ತಿ ನನ್ನದು, ಅದಕ್ಕೆ ಹೇಳಬೇಕಾದ ಬುದ್ಧಿ ಅವರದು. ಹೆಸರು ಬರೆಯುತ್ತಿಲ್ಲ. ಬರೆದಿದ್ದರೆ, ಹೆಸರಿಗೆ ಇಲ್ಲೇನು ಕೆಲಸ ಎಂದು ಬೈಯುತ್ತಿದ್ದರು.

ಎತ್ತರದ ಹೆಂಗಸು. ಕರೀ ದಾರದಲ್ಲಿ ಒಂದು ಭೂತಗನ್ನಡಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ದೂರದಿಂದ ನೋಡಿದವರು ತಾಳಿ ಎಂದುಕೊಂಡು ಗಂಡ ಎಲ್ಲಿ ಎಂದು ವಿಚಾರಿಸಿದರೆ, ಒಳಗೆ ರಿಪೇರಿ ನಡೆದಿದೆ ಅನ್ನುತ್ತಿದ್ದರು. ಮಾಡಿ ಮುಗಿಸಿದ ಬೋರ್ಡುಗಳನ್ನು ಹಳೇ ನಾರಾಯಣಪೇಟೆ ಸೀರೆಯ ತುಂಡುಗಳಲ್ಲಿ ಸುತ್ತಿಡುತ್ತಿದ್ದರು. ಯಾರ ಬಾಗಿಲಿಗೆ ಹೋದರೂ ಹೊಸ್ತಿಲ ಹೊರಗೆ ನಿಂತು "ಅದೀರೇನ್ರಿ?" ಎಂದು ಕೂಗಿ, ಒಳಗಿನಿಂದ ಉತ್ತರ ಬರುವ ತನಕ ಕಾಲಿಡುತ್ತಿರಲಿಲ್ಲ. ಬಾಗಿಲು ತೆರೆದಿದ್ದರೂ ಅಷ್ಟೆ, ಎದುರಿಗೆ ಮನುಷ್ಯ ಕೂತು ಕಾಣುತ್ತಿದ್ದರೂ ಅಷ್ಟೆ.

ಒಂದು ಮಾತು ಕೇಳಿದರೆ ಅವರಿಗೆ ಮೈ ಉರಿಯುತ್ತಿತ್ತು. 'ತಾನಾಗೇ.' ಗಿರಾಕಿ ಬಂದು ಮೋಟಾರು ತಾನಾಗೇ ನಿಂತಿತು, ಲೈಟು ತಾನಾಗೇ ಹೊತ್ತಿತು ಅಂದರೆ ಸಾಕು. "ತಾನಾಗೇ ಅನ್ನಾಂವ ಯಾವೂರಾಂವ? ಕರ್ಕೊಂಡು ಬಾ ಅವನ್ನ, ನಾನೂ ನೋಡ್ತೀನಿ" ಅನ್ನುವರು. ಗಿರಾಕಿ ಮುಖ ಸಣ್ಣದು ಮಾಡಿಕೊಂಡು ನನ್ನ ಅಂಗಡಿಗೆ ಬಂದು ಕೂಡುತ್ತಿದ್ದ. ನಾನು ಚಹಾ ತರಿಸಿ ಸಮಾಧಾನ ಮಾಡುತ್ತಿದ್ದೆ. ಹೀಗೆ ನನ್ನ ಚಹಾದ ಖರ್ಚೆಲ್ಲ ಅವರ ನಾಲಗೆಯಿಂದಲೇ ಆದದ್ದು.

ಗದ್ವಾಲ್ ರಸ್ತೆಯಲ್ಲಿ ಒಂದು ಜಿನ್ನಿಂಗ್ ಮಿಲ್ಲು. ಹತ್ತಿಯಿಂದ ಬೀಜ ಬಿಡಿಸಿ, ಅರಳೆಯನ್ನು ಕಬ್ಬಿಣದ ದೊಡ್ಡ ಡಬ್ಬಿಗೆ ತುಂಬಿ, ಮೇಲಿನಿಂದ ಒತ್ತಿ ಬೇಲು ಎಂಬ ಬಿಗಿ ಮೂಟೆ ಕಟ್ಟುತ್ತಾರೆ. ಒತ್ತುವ ಯಂತ್ರಕ್ಕೆ ಪ್ರೆಸ್ಸು ಎನ್ನುತ್ತಾರೆ. ಅದರ ಬಟನು ದೂರದ ಗಾಜಿನ ಕ್ಯಾಬಿನ್ನಿನಲ್ಲಿ. ಕ್ಯಾಬಿನ್ನಿನಲ್ಲಿ ಅಕ್ಕೋರ ಒಂದು ಬೋರ್ಡು, ಪ್ರೆಸ್ಸಿನ ಪಕ್ಕ ಇನ್ನೊಂದು. ಎರಡರಲ್ಲೂ ಮಿದುಳಿನಂತೆ ಕೆಲಸ ಮಾಡುವ, ಉಗುರಿನಷ್ಟು ದೊಡ್ಡ ಮೈಕ್ರೋಕಂಟ್ರೋಲರ್. ಒಂದು ಹೇಳುವುದು, ಇನ್ನೊಂದು ಕೇಳುವುದು, ನಡುವೆ ತಾಮ್ರದ ತಂತಿ. ಕ್ಯಾಬಿನ್ನಿನಲ್ಲಿ ಬಟನ್ ಒತ್ತಿದರೆ ತಂತಿಯಲ್ಲಿ ಒಂದು ಮಿಡಿತ ಹೋಗಿ, ಆ ತುದಿಯ ಬೋರ್ಡು ಪ್ರೆಸ್ಸನ್ನು ಇಳಿಸುತ್ತಿತ್ತು.

ಕ್ಯಾಬಿನ್ನಿನಲ್ಲಿ ಕೂಡುತ್ತಿದ್ದವನು ಮಲ್ಲೇಶಿ. ಡಬ್ಬಿಯ ಹತ್ತಿರ ಅರಳೆ ತುಂಬುತ್ತಿದ್ದವನು ಅವನ ತಂಗಿಯ ಗಂಡ ತಿಪ್ಪಣ್ಣ. ಇಬ್ಬರೂ ಕೆ.ಟಿ. ದೊಡ್ಡಿ ಕಡೆಯ ಕುರುಬರು. ಬೇಸಗೆಯಲ್ಲಿ ಕುರಿ, ಹತ್ತಿ ಬಂದಾಗ ಮಿಲ್ಲು. ಇನ್ನೂ ತೆಲಂಗಾಣ ಹೊಸ ರಾಜ್ಯ ಆಗಿರಲಿಲ್ಲ. ದಿನ ಬಿಟ್ಟು ದಿನ ಬಂದ್, ಧರಣಿ, ರಸ್ತೆಗೆ ಅಡ್ಡ ಕಲ್ಲು. ಮಿಲ್ಲಿನ ಗೋಡೆಯ ಮೇಲೆಲ್ಲ ಜೈ ತೆಲಂಗಾಣ. ಒಂದು ಮಧ್ಯಾಹ್ನ ಊಟದ ವಿರಾಮ ಮುಗಿಯುವ ಹೊತ್ತಿಗೆ, ಮೂಲೆಯಲ್ಲಿ ಸಿಕ್ಕಿಕೊಂಡ ಅರಳೆ ಬಿಡಿಸಲು ತಿಪ್ಪಣ್ಣ ಡಬ್ಬಿಯೊಳಗೆ ಇಳಿದ. ಆಚೆ ಕಡೆ ಮೋಟಾರುಗಳನ್ನು ಚಾಲು ಮಾಡಿದರು. ಪ್ರೆಸ್ಸು ಇಳಿಯಿತು.

ಮುಂದಿನದನ್ನು ನಾನು ಬರೆಯಲಾರೆ. ಬಿಳೀ ಅರಳೆಯ ರಾಶಿ ನೋಡಿದರೆ ಇವತ್ತಿಗೂ ನನಗೆ ಒಂದು ಗಳಿಗೆ ಏನೋ ಆಗುತ್ತದೆ.

ಮಲ್ಲೇಶಿ ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕೂತು ಒಂದೇ ಮಾತು ಹೇಳುತ್ತಿದ್ದ. "ನಾ ಒತ್ತಿಲ್ರಿ." ಬಂದವರಿಗೆಲ್ಲ ಅದನ್ನೇ ಹೇಳಿದ. ಪೊಲೀಸರು ಪಂಚನಾಮೆ ಮಾಡಿ ಅಪಘಾತ ಎಂದು ಬರೆದುಕೊಂಡು ಹೋದರು. ಆದರೆ ಊರಿನ ಬಾಯಿಗೆ ಪಂಚನಾಮೆ ಎಲ್ಲಿಂದ ಬರಬೇಕು? ಬೀರಪ್ಪನ ಗುಡಿಯ ಮುಂದೆ ಕುರಿ ಹಂಚಿಕೆಯ ವಿಷಯಕ್ಕೆ ಭಾವ ಭಾವಮೈದುನರು ಕೈ ಕೈ ಮಿಲಾಯಿಸಿದ್ದನ್ನು ಎಲ್ಲರೂ ನೋಡಿದ್ದರು. ತಂಗಿ ಹೊನ್ನಮ್ಮ ಅಣ್ಣನಿಗೆ ಬಾಗಿಲು ಮುಚ್ಚಿದಳು. ಅವನು ಬಂದು ಹೊರಗೆ ನಿಂತರೆ ಒಳಗೆ ದೀಪ ಸಣ್ಣಗೆ ಮಾಡಿಕೊಂಡು ಕೂಡುತ್ತಿದ್ದಳಂತೆ. ಮಾಲೀಕರು ಅವಳನ್ನು ಅದೇ ಮಿಲ್ಲಿನಲ್ಲಿ ಕಸ ಗುಡಿಸಲು ಇಟ್ಟುಕೊಂಡರು. ಮಲ್ಲೇಶಿ ಮಿಲ್ಲು ಬಿಟ್ಟು ಕುರಿಯ ಹಿಂದೆ ಹೋದ.

ಅಕ್ಕೋರು ಮಿಲ್ಲಿಗೆ ಹೋಗುವ ಮೊದಲು ಅವನನ್ನು ಹುಡುಕಿಕೊಂಡು ಹೋದರು. ಒತ್ತಿದೆಯಾ ಎಂದು ಕೇಳಲೇ ಇಲ್ಲ. ಆ ಹೊತ್ತಿನಲ್ಲಿ ಮೋಟಾರುಗಳು ಹೇಗೆ ಶುರುವಾದವು ಎಂದಷ್ಟೇ ಕೇಳಿದರು. ಎಲ್ಲವನ್ನೂ ಒಟ್ಟಿಗೇ ಚಾಲು ಮಾಡಿದರು, ಕ್ಯಾಬಿನ್ನಿನ ಲೈಟು ಮಂಕಾಯಿತು, ತಾನು ಎಲೆಗೆ ಸುಣ್ಣ ಹಚ್ಚುತ್ತಿದ್ದೆ, ತಲೆ ಎತ್ತುವಷ್ಟರಲ್ಲಿ ಪ್ರೆಸ್ಸು ಇಳಿದಿತ್ತು ಎಂದ. ಅಲ್ಲಿಂದ ಮಿಲ್ಲಿಗೆ ಬಂದು, ನೆಲದ ಕಾಲುವೆಯ ಮೇಲಿನ ಹಲಗೆ ನನ್ನಿಂದ ಎತ್ತಿಸಿದರು. ಅವರ ಸಣ್ಣ ತಂತಿ ಮೋಟಾರಿನ ದಪ್ಪ ಕೇಬಲ್ಲುಗಳ ನಡುವೆ ಮಲಗಿತ್ತು. ಬೇರೆ ಕಾಲುವೆ ತೋಡಲು ಬೇಸರಪಟ್ಟು ಮಿಲ್ಲಿನವರೇ ಹಾಗೆ ಎಳೆದಿದ್ದರು. ದೊಡ್ಡ ಮೋಟಾರು ಎದ್ದಾಗ ಆ ಕೇಬಲ್ಲುಗಳಲ್ಲಿ ಏಳುವ ಗದ್ದಲ ಪಕ್ಕದ ಸಣ್ಣ ತಂತಿಗೂ ಹತ್ತುತ್ತದೆ. ಇದು ನನಗೂ ಗೊತ್ತು, ಅವರಿಗಂತೂ ಪಾಠ ಹೇಳುವಷ್ಟು ಗೊತ್ತು.

"ಇದನ್ನ ಮೊದಲ ನೋಡಿದ್ದೆ" ಎಂದರು. "ಸೀಜನ್ ಮುಗೀಲಿ, ಬ್ಯಾರೆ ಮಾಡಿಸೋಣ ಅಂದಿದ್ದೆ. ಕೇಳಿದ್ದನ್ನೆಲ್ಲ ನಂಬೋ ಬೋರ್ಡು ಮಾಡೀನೋ ತಮ್ಮಾ. ಯಾರೂ ಹೇಳದ ಮಾತು ಕೇಳಿಸ್ಕೊಂಡೈತಿ ಅದು."

ಮಾಲೀಕರಿಗೆ ಇದನ್ನೇ ಹೇಳಿದರು. ಪೊಲೀಸರು ಮುಗಿಸಿದ ವಿಷಯ ನೀವೇಕೆ ಕೆದಕುತ್ತೀರಿ ಎಂದು ಅವರು ಕೈ ಮುಗಿದರು. ಹೊನ್ನಮ್ಮನ ಮನೆಗೂ ಹೋಗಿ ಹೊಸ್ತಿಲ ಹೊರಗೆ ನಿಂತು, ಅದೀರೇನ್ರಿ ಎಂದು ಕೂಗಿ, ಹೇಳಿದರು: ನಿಮ್ಮಣ್ಣ ಒತ್ತಿಲ್ಲ, ತಪ್ಪು ನನ್ನ ಬೋರ್ಡಿನದು. ಹೊನ್ನಮ್ಮ ಅವರನ್ನು ಒಳಗೆ ಕರೆಯಲಿಲ್ಲ. "ವೈರು ತಾನಾಗೇ ಮಾತಾಡ್ತಂತ ಸಣ್ಣ ಹುಡುಗ್ರಿಗೆ ಹೇಳ್ರಿ" ಎಂದಳು. "ನಮ್ಮಣ್ಣನ್ನ ಉಳಸಾಕ ಬಂದೀರಿ ನೀವು." ತಾನಾಗೇ ಎಂಬ ಮಾತಿಗೆ ಅಕ್ಕೋರು ಬೈಯದೆ ತಿರುಗಿ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಸ್ಸಿನಲ್ಲಿ ಮಕ್ತಲ್ ಬರುವ ತನಕ ಕಿಟಕಿಯ ಆಚೆ ನೋಡುತ್ತಿದ್ದರು. ಇಳಿಯುವಾಗ, ಅವಳು ತನ್ನ ಕಿವಿಯಿಂದಲೇ ಕೇಳಬೇಕು, ಬೇರೆ ದಾರಿಯಿಲ್ಲ ಎಂದರು.

ಮಾರನೆಯ ದಿನದಿಂದ ಒಂದು ಹಳೇ ರೇಡಿಯೋ ಹಿಡಿದು ಮಿಲ್ಲಿನಲ್ಲಿ ತಿರುಗಾಡತೊಡಗಿದರು. ಯಾವ ಸ್ಟೇಷನ್ನೂ ಹತ್ತದ ಜಾಗಕ್ಕೆ ಮುಳ್ಳು ತಿರುಗಿಸಿ, ಕಿವಿಗೆ ಒತ್ತಿಕೊಂಡು, ಒಂದೊಂದೇ ಹೆಜ್ಜೆ. ಕರೆಂಟಿನ ಗದ್ದಲ ಎಲ್ಲಿ ಹೆಚ್ಚೋ ಅಲ್ಲಿ ರೇಡಿಯೋ ಕರಕರ ಅನ್ನುತ್ತದೆ; ನೆಲದೊಳಗಿನ ತಂತಿಯ ಜಾಡು ಹಿಡಿಯಲು ಅದೊಂದು ಸುಲಭದ ಉಪಾಯ. ನನಗೆ ಗೊತ್ತಿದ್ದ ಉಪಾಯವೇ. ಆದರೂ ಸುಡು ಮಧ್ಯಾಹ್ನ, ಗಾಳಿಯಲ್ಲಿ ಅರಳೆಯ ಎಳೆಗಳು ತೇಲುತ್ತಿರುವಾಗ, ಆ ಎತ್ತರದ ಹೆಂಗಸು ಕಣ್ಣು ಮುಚ್ಚಿ ಪ್ರೆಸ್ಸಿನ ಕಡೆ ನಡೆಯುವುದು, ಹತ್ತಿರ ಹೋದಂತೆಲ್ಲ ರೇಡಿಯೋದ ಉಸಿರು ದೊಡ್ಡದಾಗುವುದು, ಡಬ್ಬಿಯ ಮುಂದೆ ನಿಂತಾಗ ಗಂಟಲು ಕಟ್ಟಿದವರು ಏನೋ ಹೇಳಲು ಒದ್ದಾಡುವಂಥ ಸದ್ದು ಬರುವುದು, ಇದನ್ನು ನೋಡಿ ನಾನು ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟೆ. ಆಳುಗಳು ದೂರ ಸರಿದು ನಿಂತು, ಅಕ್ಕೋರು ತಿಪ್ಪಣ್ಣನ ಕೂಡ ಮಾತಾಡಲಿಕ್ಕೆ ಹತ್ತಿದ್ದಾರೆ ಎಂದು ತೆಲುಗಿನಲ್ಲಿ ಪಿಸುಗುಟ್ಟಿದರು. ಹೊನ್ನಮ್ಮ ಪೊರಕೆ ಹಿಡಿದುಕೊಂಡು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಆ ಬೇಸಗೆ ಕಳೆದು ಹೊಸ ರಾಜ್ಯ ಬಂತು. ಮಕ್ತಲಿನಲ್ಲಿ ಪಟಾಕಿ, ಗುಲಾಲು, ಅಂಗಡಿ ಬೋರ್ಡುಗಳಲ್ಲಿ ಆಂಧ್ರಪ್ರದೇಶ ಎಂದಿದ್ದಲ್ಲೆಲ್ಲ ಸುಣ್ಣ ಬಳಿದು ತೆಲಂಗಾಣ ಎಂದು ಬರೆಯುವ ಭರಾಟೆ. ಪೇಂಟರುಗಳಿಗೆ ಕೈ ಬಿಡುವಿಲ್ಲ. ಅಕ್ಕೋರು ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದರು. ರಾಜ್ಯ ಬಂದಿದೆ, ಹೊರಗೆ ಬನ್ನಿ ಎಂದು ಕರೆದರೆ, ವೋಲ್ಟೇಜ್ ಬಂದ ಮೇಲೆ ಕರಿ ಎಂದರು. ಒಳಗೆ ಮೇಜಿನ ಮೇಲೆ ಕಪ್ಪು ಹೊದಿಕೆಯ ಒಂದು ತಂತಿ ಸುರುಳಿಯಾಗಿ ಬಿದ್ದಿತ್ತು. ಎತ್ತಿ ನೋಡಿದರೆ ತಾಮ್ರವಿಲ್ಲ, ಒಳಗೆ ಗಾಜಿನಂಥ ಪ್ಲಾಸ್ಟಿಕ್ಕಿನ ಎಳೆ. ಒಂದು ತುದಿಗೆ ಸಣ್ಣ ಕೆಂಪು ದೀಪ, ಇನ್ನೊಂದು ತುದಿಗೆ ಅದನ್ನು ನೋಡುವ ಕಣ್ಣು. ಇನ್ನು ಮೇಲೆ ಬೋರ್ಡುಗಳು ಬೆಳಕಿನಲ್ಲಿ ಮಾತಾಡುತ್ತವೆ, ಮೋಟಾರು ಎಷ್ಟೇ ಅರಚಿಕೊಂಡರೂ ಆ ಗದ್ದಲ ಬೆಳಕಿಗೆ ಹತ್ತುವುದಿಲ್ಲ ಎಂದರು.

ನಾನು ತಾಮ್ರದ ಮನುಷ್ಯ. ನನ್ನ ತಂದೆ ತಾಮ್ರ ಸುತ್ತಿಯೇ ನನ್ನನ್ನು ಸಾಕಿದ್ದು. ಮೀನು ಹಿಡಿಯುವ ದಾರದಂಥ ಇದನ್ನು ನಂಬಿ ಪ್ರೆಸ್ಸು ಓಡಿಸುತ್ತೀರಾ ಎಂದು ಚೇಷ್ಟೆ ಮಾಡಿದೆ. ಅವರು ನಗಲಿಲ್ಲ. ಈ ಸಲ ಒಂದೇ ಮಿಡಿತಕ್ಕೆ ಇಳಿಯುವ ಪ್ರೆಸ್ಸಲ್ಲ ಎಂದರು. ಕ್ಯಾಬಿನ್ನಿನ ಬೋರ್ಡು ಉಸಿರಾಡಿದಂತೆ ಎಡೆಬಿಡದೆ ಇದ್ದೀನಿ, ಇದ್ದೀನಿ ಎಂದು ಬೆಳಕಿನಲ್ಲಿ ಹೇಳುತ್ತಲೇ ಇರಬೇಕು. ಅದು ಕಾಣುತ್ತಿದ್ದರೆ ಮಾತ್ರ ಆಚೆಯದು ಕೆಲಸ ಮಾಡುವುದು. ಕಾಣದಿದ್ದರೆ, ಕಾರಣ ಏನೇ ಇರಲಿ, ಎಲ್ಲವನ್ನೂ ನಿಲ್ಲಿಸಿ ಸುಮ್ಮನಾಗುವುದು. "ಸುಮ್ಮನಿದ್ರ ಅದಾನ ಅಂತ ತಿಳ್ಕೊಳ್ಳೂದು ಮನುಷ್ಯಾರ ತಪ್ಪು. ಮಶೀನಿಗೆ ಅದನ್ನ ಕಲಸಾಂಗಿಲ್ಲ" ಎಂದರು.

ಹೊಸ ಹತ್ತಿ ಬಂದ ಮೇಲೆ ಪರೀಕ್ಷೆ ಇಟ್ಟರು. ಪ್ರೆಸ್ಸನ್ನು ಬೆಳಕಿನ ತಂತಿಗೆ ಕೂಡಿಸಿದ್ದಾಯಿತು. ಹಳೇ ತಾಮ್ರದ ತಂತಿಯನ್ನು ಕೀಳದೆ, ಅದರ ಕೇಳುವ ಬೋರ್ಡನ್ನು ಪ್ರೆಸ್ಸಿನಿಂದ ಬಿಡಿಸಿ ಬರೀ ಒಂದು ಕರೆಗಂಟೆಗೆ ಕಟ್ಟಿದರು. ಮಿಲ್ಲಿನ ಕರೆಂಟಿನ ಮೇಲೆ ಯಾರಿಗೂ ಗುಮಾನಿ ಬರಬಾರದೆಂದು ಅದಕ್ಕೊಂದು ಬ್ಯಾಟರಿ ಕೊಟ್ಟರು. ಮೊದಲಿನಂತೆ ಸುಳ್ಳು ಮಾತು ಕೇಳಿಸಿದರೆ ಆ ಬೋರ್ಡು ಪ್ರೆಸ್ಸು ಇಳಿಸಲಾರದು, ಗಂಟೆ ಬಾರಿಸುತ್ತದೆ, ಅಷ್ಟೆ. ಮಲ್ಲೇಶಿಯನ್ನು ಕುರಿದೊಡ್ಡಿಯಿಂದ ನಾನೇ ಕರೆದುಕೊಂಡು ಬಂದೆ. ತಂಗಿಯಿಂದ ದೂರ, ಕಂಬಕ್ಕೆ ಒರಗಿ, ತಲೆ ತಗ್ಗಿಸಿ ನಿಂತ.

ಮೊದಲಿಗೇ ಎಡವಟ್ಟಾಯಿತು. ಹೊನ್ನಮ್ಮ ಸೆರಗಿನ ಗಂಟಿನಲ್ಲಿ ಮೈಲಾರದ ಭಂಡಾರ ಕಟ್ಟಿಕೊಂಡು ಬಂದಿದ್ದಳು. ಆ ಅರಿಸಿನದ ಪುಡಿಯನ್ನು ಡಬ್ಬಿಗೆ ಹಚ್ಚಿದಳು, ಗಂಟೆಗೆ ಹಚ್ಚಿದಳು. ಬೆಳಕಿನ ತಂತಿ ಬಂದು ಸೇರುವ ಕರೀ ಪೆಟ್ಟಿಗೆಗೂ ಎರಚಿದಳು. ಅದರ ಮುಚ್ಚಳ ಇನ್ನೂ ಹಾಕಿರಲಿಲ್ಲ. ತಂತಿ ಕೂಡಿಸಿ ಚಾಲು ಮಾಡಿದರೆ ಪ್ರೆಸ್ಸು ಮಿಸುಕಲಿಲ್ಲ. ಬಟನ್ ಒತ್ತಿದರೂ ಇಲ್ಲ. ತಿಪ್ಪಣ್ಣ ಅಡ್ಡ ನಿಂತಿದ್ದಾನೆ, ಬಿಡುವುದಿಲ್ಲ ಎಂದು ಹಿಂದಿನಿಂದ ಯಾರೋ ಅಂದರು. ಒಬ್ಬಿಬ್ಬರು ಆಗಲೇ ಬಾಗಿಲ ಕಡೆ ಹೊರಟಿದ್ದರು.

ಅಕ್ಕೋರು ತಂತಿ ಎಳೆದು ಭೂತಗನ್ನಡಿ ಹಿಡಿದು ನೋಡಿ, ಸೆರಗಿನ ತುದಿಯಿಂದ ಪೆಟ್ಟಿಗೆಯ ಕಣ್ಣು ಒರೆಸಿದರು. ತಂತಿಯ ತುದಿಯನ್ನು ಹೊನ್ನಮ್ಮನ ಅಂಗೈ ಮೇಲೆ ಹಿಡಿದರು. ಅಂಗೈಯಲ್ಲಿ ಕುಂಕುಮದ ಬೊಟ್ಟಿನಂಥ ಕೆಂಪು ಬೆಳಕು ನಡುಗುತ್ತಿತ್ತು. "ಕಣ್ಣಾಗ ಭಂಡಾರ ಬಿದ್ದಿತ್ತವ್ವ. ಕಾಣಲಿಲ್ಲ, ಅದಕ್ಕ ನಿಂತೈತಿ" ಎಂದರು. "ಹಳೇದು ಕಾಣದಿದ್ರೂ ಓಡ್ತಿತ್ತು." ಬೈಯುತ್ತಾರೆಂದು ನಾನು ಹಲ್ಲು ಕಚ್ಚಿಕೊಂಡಿದ್ದೆ. ಅಷ್ಟು ಮೆತ್ತಗಿನ ದನಿ ಅವರಲ್ಲಿತ್ತು ಎಂಬುದೇ ನನಗೆ ಗೊತ್ತಿರಲಿಲ್ಲ.

ತಂತಿ ಮತ್ತೆ ಕೂಡಿಸಿ ಬಟನ್ ಒತ್ತಿದರೆ ಪ್ರೆಸ್ಸು ಇಳಿದು ಏರಿತು. ಆಮೇಲೆ ಅಕ್ಕೋರು ಕ್ಯಾಬಿನ್ನಿನಿಂದ ಎಲ್ಲರನ್ನೂ ಹೊರಗೆ ಕಳಿಸಿ, ಬೀಗ ಹಾಕಿ, ಕೀಲಿಕೈಯನ್ನು ಹೊನ್ನಮ್ಮನಿಗೆ ಕೊಟ್ಟರು. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಕ್ಕೋರು ಮಲ್ಲೇಶಿಯನ್ನು ಕರೆದು ಅವಳ ಎದುರಿಗೆ ನಿಲ್ಲಿಸಿದರು. "ಇವನ ಎರಡೂ ಕೈ ನೀನ ಹಿಡ್ಕೋ" ಎಂದರು. ಬಹಳ ಹೊತ್ತು ಅವಳು ಕೈ ಚಾಚಲಿಲ್ಲ. ಮಲ್ಲೇಶಿ ಕೈ ಮುಂದೆ ಮಾಡಿ ಹಾಗೇ ನಿಂತಿದ್ದ. ಕೊನೆಗೆ ಅವಳು ಮುಖ ಆಚೆ ತಿರುಗಿಸಿಕೊಂಡು, ಅವನ ಮಣಿಕಟ್ಟುಗಳನ್ನು ಹಿಡಿದಳು.

ನಾನು ಮೋಟಾರುಗಳನ್ನು ಒಟ್ಟಿಗೇ ಎಬ್ಬಿಸಿದೆ. ಲೈಟು ಮಂಕಾಯಿತು, ನೆಲ ಗುಂಯ್ ಎಂದಿತು. ಗಂಟೆ ಬಾರಿಸಲಿಲ್ಲ. ನಿಲ್ಲಿಸಿ ಮತ್ತೆ ಎಬ್ಬಿಸಿದೆ. ಆಗಲೂ ಇಲ್ಲ. ಮಾಲೀಕರು ಗಡಿಯಾರ ನೋಡಿಕೊಂಡರು. ಅಕ್ಕೋರು ಗಂಟೆಯನ್ನು ನೋಡುತ್ತಿರಲಿಲ್ಲ. ಹೊನ್ನಮ್ಮನ ಕೈಗಳನ್ನೇ ನೋಡುತ್ತಿದ್ದರು. ಮತ್ತೊಮ್ಮೆ ಎಬ್ಬಿಸಿದೆ. ಲೈಟು ಮಂಕಾದ ಆ ಗಳಿಗೆಯಲ್ಲಿ ಗಂಟೆ ಬಾರಿಸಿತು.

ಸದ್ದಿಗೆ ಹೊನ್ನಮ್ಮ ಬೆಚ್ಚಿದಳು, ಹಿಡಿದ ಕೈ ಬಿಡಲಿಲ್ಲ. ಕ್ಯಾಬಿನ್ನು ಖಾಲಿ, ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಕೆಂಪು ಬೆಳಕಿನ ಪ್ರೆಸ್ಸು ಕದಲದೆ ನಿಂತಿತ್ತು. ಮೋಟಾರು ನಿಲ್ಲಿಸಲು ಅಕ್ಕೋರು ನನಗೆ ಕೈ ಮಾಡಿದರು. 

"ಹಂಗಾರ ಒತ್ತಿದಾವರು ಯಾರ್ರಿ?" ಎಂದು ಕೇಳಿದಳು ಹೊನ್ನಮ್ಮ.

ಅಕ್ಕೋರು ಅವಳ ಮುಖ ನೋಡಿದರು. ಜೀವನವಿಡೀ ತಾನಾಗೇ ಎಂದವರನ್ನು ಹೀಯಾಳಿಸಿದ ಹೆಂಗಸು ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಿಂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. "ಯಾರೂ ಇಲ್ಲವ್ವ" ಎಂದರು ಕೊನೆಗೆ.

ಹೊನ್ನಮ್ಮ ಅಣ್ಣನ ಕಡೆ ತಿರುಗಿದಳು. "ಉಂಡೀಯೇನು?" ಎಂದಳು. ಅಷ್ಟೇ ಕೇಳಿದ್ದು. ಮಲ್ಲೇಶಿ ಅಲ್ಲೇ ನೆಲಕ್ಕೆ ಕುಸಿದು, ತಂಗಿಯ ಕಾಲ ಹತ್ತಿರ ಕೂತು, ಬಾಯಿ ತೆರೆದು ಅತ್ತ. ನಾನೂ ಅತ್ತೆ, ಮಾಲೀಕರೂ ಕಣ್ಣೊರೆಸಿಕೊಂಡರು. ಅಕ್ಕೋರು ಮಾತ್ರ ಸ್ಕ್ರೂಡ್ರೈವರ್ ತೆಗೆದುಕೊಂಡು ಗಂಟೆಯ ಬೋರ್ಡು ಬಿಚ್ಚಲು ಹೋದರು.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹೊನ್ನಮ್ಮ ಅವರ ಕೈ ತಡೆದಳು. "ಇರಲಿ ಬಿಡ್ರಿ. ನಿಮಗಂತೂ ಬೇಕಿಲ್ಲಲ್ಲ ಇದು" ಎಂದಳು. ಗಂಟೆ ಯಾವ ಯಂತ್ರಕ್ಕೂ ಕೂಡಿರಲಿಲ್ಲ, ಅದರಿಂದ ಅಪಾಯವೇನೂ ಇರಲಿಲ್ಲ. ಅಕ್ಕೋರು ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟರು.

ಹಾಗೆ ಆ ಗಂಟೆ ಅಲ್ಲೇ ಉಳಿಯಿತು. ಊಟದ ನಂತರ ಮೋಟಾರು ಎದ್ದಾಗ ಒಮ್ಮೊಮ್ಮೆ ಒಂದು ಸಲ ಬಾರಿಸುತ್ತಿತ್ತು. ಹೊನ್ನಮ್ಮ ಪೊರಕೆ ನಿಲ್ಲಿಸಿ, ಒಳಮನೆಯಿಂದ ಗಂಡ ಕರೆದರೆ ಹೆಂಗಸರು ಹೇಗೆ ಓಗೊಡುತ್ತಾರೋ ಹಾಗೆ "ಹ್ಞೂಂ" ಎಂದು, ಮತ್ತೆ ಗುಡಿಸತೊಡಗುವಳು. ಆಳುಗಳಿಗೆ ರೂಢಿಯಾಯಿತು. ನನಗೆ ಸಿಟ್ಟು ಬಂತು. ದೆವ್ವ ಬಿಡಿಸಲು ಹೋಗಿ ದೆವ್ವಕ್ಕೆ ಮನೆ ಕಟ್ಟಿಕೊಟ್ಟು ಬಂದಿರಿ ಎಂದು ಅಕ್ಕೋರ ಮುಖದ ಮೇಲೇ ಅಂದೆ. ತಿರುಗಿ ಬೈಯಲಿಲ್ಲ. ಬೇರೆಯವರ ಕೈಗೆ ಬಿಡದೆ, ಆ ಗಂಟೆಯ ಬ್ಯಾಟರಿ ತೀರಿದಾಗಲೆಲ್ಲ ತಾವೇ ಗದ್ವಾಲ್ ಬಸ್ಸು ಹತ್ತಿ ಹೋಗಿ ಬದಲಿಸಿ ಬರುತ್ತಿದ್ದರು.

ಹಾಗೆ ಹೋದ ಒಂದು ಮಧ್ಯಾಹ್ನ ಬೇಗ ಹಿಂದಿರುಗಿದರು. ಬಂದವರೇ ನನ್ನ ಅಂಗಡಿಯಲ್ಲಿ ಕೂತರು. ಚಹಾ ಮುಟ್ಟಲಿಲ್ಲ. ಲೈನು ಹೋಗಿ ಮಿಲ್ಲಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಕರೆಂಟಿರಲಿಲ್ಲವಂತೆ. ಆಳುಗಳೆಲ್ಲ ಹೊರಗೆ ಬೇವಿನ ನೆರಳಿಗೆ ಹೋಗಿದ್ದರು. ಒಳಗೆ ಇವರು, ಹೊನ್ನಮ್ಮ ಇಬ್ಬರೇ. ಒಂದು ಮೋಟಾರೂ ಓಡುತ್ತಿರಲಿಲ್ಲ. ಬ್ಯಾಟರಿ ಬದಲಿಸಿ ಇವರು ನಾಲ್ಕು ಹೆಜ್ಜೆ ಬಂದಿರಬೇಕು, ಹಿಂದಿನಿಂದ ಗಂಟೆ ಬಾರಿಸಿತು. ಹೊನ್ನಮ್ಮ "ಹ್ಞೂಂ" ಎಂದಳು. ಇವರು ತಿರುಗಿ ಹೋಗಿ ಬ್ಯಾಟರಿ, ಬೆಸುಗೆ, ತಂತಿ ಎಲ್ಲ ತಡಕಿ ನೋಡಿದರು. ಏನೂ ಸಿಗಲಿಲ್ಲ.

"ಕಾರಣ ಐತಿ" ಎಂದರು ನನಗೆ. "ನನಗ ಸಿಕ್ಕಿಲ್ಲ, ಅಷ್ಟ." ತಣ್ಣಗಾದ ಚಹಾವನ್ನೇ ಸಾಸರಿಗೆ ಸುರಿದು ಕುಡಿದರು. 

ಮಾರನೆಯ ಬೆಳಿಗ್ಗೆ ನನಗೆ ಮೊದಲ ಫೋನು ಬಂತು. ಅದೀಯೇನೋ? ಇದೇನು ಹೊಸ ಹುಚ್ಚು ಎಂದರೆ, ನೀನೂ ಒಂದು ಬೋರ್ಡು ಎಂದು ತಿಳಿದುಕೋ ಎಂದರು. ಮಂಡಿ ನೋವು ಹೆಚ್ಚಾಗಿ ಅಂಗಡಿಗೆ ಬರುವುದು ನಿಂತು, ಗಂಟೆಯ ಬ್ಯಾಟರಿ ಬದಲಿಸುವುದು ನನ್ನ ಪಾಲಿಗೆ ಬಂದ ಮೇಲೂ, ನಾರಾಯಣಪೇಟೆ ಜಿಲ್ಲೆಯಾಗಿ ಊರಲ್ಲೆಲ್ಲ ಮತ್ತೆ ಹೊಸ ಬೋರ್ಡುಗಳೆದ್ದ ಮೇಲೂ, ಆ ಫೋನು ಒಂದು ದಿನ ತಪ್ಪಲಿಲ್ಲ. ನಾನು ಬೇಜಾರಿನಿಂದ ಉತ್ತರ ಕೊಟ್ಟ ದಿನಗಳೇ ಹೆಚ್ಚು. ಈಗ ಆ ಹೊತ್ತಿಗೆ ಮನೆ ಬಿಕೋ ಅನ್ನುತ್ತದೆ.

ಅಕ್ಕೋರ ಮಣ್ಣಿಗೆ ಮಲ್ಲೇಶಿ, ಹೊನ್ನಮ್ಮ ಜೊತೆಯಾಗಿ ಬಂದಿದ್ದರು. ಅಣ್ಣ ತಂಗಿ ಒಂದೇ ಕೊಡೆಯ ಕೆಳಗೆ ನಿಂತು ಮಣ್ಣು ಹಾಕಿದರು. ಅದನ್ನು ನೋಡಲು ಅಕ್ಕೋರು ಇರಬೇಕಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಮಿಲ್ಲಿನ ಮಾಲೀಕರು ಬದಲಾದರು. ಹೊಸಬರು ಹಳೇ ತಂತಿಗಳನ್ನೆಲ್ಲ ಕಿತ್ತು ಚೊಕ್ಕ ಮಾಡಲು ನನ್ನನ್ನು ಕರೆಸಿದರು. ಊಟದ ವಿರಾಮ, ಮೋಟಾರುಗಳು ನಿಂತಿದ್ದವು, ಮೇನ್ ಸ್ವಿಚ್ಚನ್ನು ನಾನೇ ಇಳಿಸಿದ್ದೆ. ಹೊನ್ನಮ್ಮ ಡಬ್ಬಿಯ ಹತ್ತಿರ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ತಾಮ್ರದ ತಂತಿ ತೆಗೆಯುತ್ತೇನೆ ಎಂದು ಅವಳಿಗೆ ಮೊದಲೇ ಹೇಳಿದೆ. ಅವಳು ಬುತ್ತಿಯನ್ನು ಸ್ವಲ್ಪ ಆಚೆ ಸರಿಸಿಕೊಂಡಳು. ಕ್ಯಾಬಿನ್ನಿಗೆ ಹೋಗಿ, ತಂತಿಯನ್ನು ಬೆರಳಲ್ಲಿ ಹಿಡಿದು, ಕತ್ತರಿಸಿದೆ.

ಆಚೆ ಗಂಟೆ ಬಾರಿಸಿತು.

ಇದಕ್ಕೆ ಕಾರಣ ನನಗೆ ಗೊತ್ತು, ಅಕ್ಕೋರೇ ಹೇಳಿಕೊಟ್ಟದ್ದು. ತುದಿ ಕಡಿದ ತಂತಿ ಗಾಳಿಯಲ್ಲಿ ಇರುವುದನ್ನೆಲ್ಲ ಹೀರುತ್ತದೆ. ನನ್ನ ಬೆರಳು ತಾಗಿದ್ದೇ ಅದಕ್ಕೆ ಸಾಕು. ಹಾಗೆಂದು ನನಗೆ ನಾನೇ ಹೇಳಿಕೊಂಡು, ತಂತಿಯನ್ನು ನೆಲಕ್ಕೆ ಬಿಟ್ಟು, ಮೆಟ್ಟಿಲಿಳಿದು ಡಬ್ಬಿಯ ತನಕ ಬಂದೆ. ಹೊನ್ನಮ್ಮ ಎಂದಿನಂತೆ "ಹ್ಞೂಂ" ಎಂದು ರೊಟ್ಟಿ ಮುರಿಯುತ್ತಿದ್ದಳು. ಆಗ ಗಂಟೆ ಮತ್ತೊಂದು ಸಲ ಬಾರಿಸಿತು. ನನ್ನ ಕೈ ಎಲ್ಲಿಗೂ ತಾಗಿರಲಿಲ್ಲ.

ಇಷ್ಟು ವರ್ಷಗಳಲ್ಲಿ ಅದು ಒಂದರ ಬೆನ್ನಿಗೆ ಒಂದು ಎರಡು ಸಲ ಬಾರಿಸಿದ್ದೇ ಇಲ್ಲ. ಹೊನ್ನಮ್ಮ ತುತ್ತು ಕೆಳಗಿಟ್ಟಳು. ಗಂಟೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ ಸೆರಗು ಹೊದ್ದುಕೊಂಡು ಎದ್ದು ನಿಂತಳು. ಮನೆಗೆ ಹಿರಿಯರು ಬಂದರೆ ಏಳುತ್ತಾರಲ್ಲ, ಹಾಗೆ.

"ಅದೀವ್ರಿ ಅಕ್ಕೋರ" ಎಂದಳು. "ನಾನೂ ಅದೀನಿ, ಅಣ್ಣನೂ ಅದಾನ."

ನಾನು ಅವಳಿಗೆ ಕಾರಣ ಹೇಳಬೇಕಾಗಿತ್ತು. ಬಾಯಿ ತೆರೆದೆ. ನನ್ನ ಬಾಯಿಂದ ಬಂದದ್ದು, ದಿನಾ ಬೆಳಿಗ್ಗೆ ಬೇಜಾರಿನಿಂದ ಹೇಳುತ್ತಿದ್ದ ಅದೇ ಮಾತು.

"ಅದೀನ್ರಿ."